ಸೋಬಾನೆ ಹೇಳಿಕೊಟ್ಟ ದಿನ

ತೂಬಗೆರೆ,
ಭಾನುವಾರ

ಅಮ್ಮಯಮ್ಮಜ್ಜಿಗೆ ಪಕ್ಕದ ಮನೆ ಸಿಂಧು ಮಾಡುವ ನಮಸ್ಕಾರ.

ನಿಮ್ಮ ಕಣ್ಣಿನ ಆಪರೇಷನ್ ಸುಸೂತ್ರವಾಯಿತಂತೆ, ಸಂತೋಷ. ಇದನ್ನು ಮಗಳ ಕೈಲಿ ಓದಿಸಿಕೊಳ್ಳಿ. ಫೋನಿನಲ್ಲಿ ಹೇಳಲು ನಾಚಿಕೆ.

ಅಪ್ಪಯ್ಯಣ್ಣನ ಮಗಳ ಮದುವೆಯಲ್ಲಿ ನೀವಿಲ್ಲದೆ ಮುಂದೆ ಕೂತು ಸೋಬಾನೆಯ ಸಾಲು ಹೇಳಿಕೊಡುವವರೇ ಇರಲಿಲ್ಲ. ಹತ್ತು ವರ್ಷ ನಿಮ್ಮ ಹಿಂದೆ ಹಾಡಿದ ನಾನು ಮುಂದೆ ಕೂತೆ. ಒಲೆಯೆದುರು ಹೇಳಿಕೊಡುವ ಸಾಲನ್ನೂ ನಾನೇ ಹಾಡಿ, ಹಿಂದಿನವರ ಸಾಲನ್ನೂ ನಾನೇ ಹಾಡಿಕೊಂಡು ಕಂಡ ಕನಸು ಅದು. ಆಸೆಗೆ ದನಿ ಎಷ್ಟು ಮೇಲೇರಿತೆಂದರೆ, ಹಿಂದಿನಿಂದ ಒಬ್ಬರಿಗೂ ಹಾಡಲಾಗಲಿಲ್ಲ.

"ಲೇ ಸಿಂಧು, ಅಷ್ಟೆತ್ತರಕ್ಕೆ ನಾವು ಏಣಿ ತಂದಿಲ್ಲ ಕಣೇ, ಕೆಳಗಿಳಿ!" ಎಂದರು ಗೌರಕ್ಕ. ಎಲ್ಲರೂ ನಕ್ಕರು.

ನಾನೂ ನಕ್ಕು, ಮಗು ಮಲಗಿಸುವ ದನಿಯಲ್ಲಿ ಮತ್ತೆ ಶುರು ಮಾಡಿದೆ. ಅಜ್ಜೀ, ಇಪ್ಪತ್ತು ಹೆಂಗಸರ ದನಿ ಒಟ್ಟಿಗೆ ಎದ್ದು ಬಂತು. ಚಪ್ಪರವೇ ನಮ್ಮನ್ನೆಲ್ಲ ಹೊತ್ತು ಮೆಲ್ಲಗೆ ತೇಲುತ್ತಿದೆ ಅನ್ನಿಸಿತು. ಅದರಲ್ಲಿ ನನ್ನ ದನಿ ಯಾವುದೆಂದು ನನಗೇ ತಿಳಿಯಲಿಲ್ಲ. ಅಷ್ಟು ಸುಖ ನನಗೆ ಎಂದೂ ಆಗಿರಲಿಲ್ಲ.

ಮುಂದಿನ ವಾರ ನಲ್ಲೂರಿನ ಮದುವೆಗೆ ನೀವೂ ಬರುತ್ತೀರಂತೆ. ನನ್ನ ಪಕ್ಕದಲ್ಲೇ ಕೂರಿ. ತಪ್ಪಿದರೆ ತೊಡೆ ಚಿವುಟಿ. ಹೇಳಿಕೊಡುವುದನ್ನು ಮಾತ್ರ ನನಗೆ ಬಿಡಿ.

ಇಂತಿ, ನಿಮ್ಮ
ಸಿಂಧು