ಮಾವನಿಗೊಂದು ಮುಖ

೧೨ ಆಗಸ್ಟ್ ೨೦೨೫, ಮಂಗಳವಾರ, ಮಧ್ಯಾಹ್ನ

ಪಾಪು ಈಗ ಮಲಗಿತು. ನನಗೆ ನಿದ್ದೆ ಇಲ್ಲ. ರಾತ್ರಿಯೂ ಇಲ್ಲ. ಅಟ್ಟದ ಮೇಲೆ ಕೊಬ್ಬರಿ ಕಾಯಿ ಒಂದು ಉರುಳಿದರೂ ಎದ್ದು ಕೂರುತ್ತೇನೆ, ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ.

ಬೆಳಿಗ್ಗೆ ಅತ್ತೆ ನನ್ನೆದುರಿಗೇ ಇವರಿಗೆ ಹೇಳಿದರು — "ಇದು ಬಾಣಂತಿ ಸನ್ನಿ ಕಣೋ ಗಂಗರಾಜ. ತುರುವೇಕೆರೆಗೆ ಹೋಗಿ ಅವ್ರಮ್ಮನ ತಾವ ಇದ್ದು ಬರ್ಲಿ ಬುಡು. ಕೂಸು ಇಲ್ಲೇ ಇರ್ಲಿ, ಬಾಟ್ಲಿ ಹಾಲು ಕುಡೀತದೆ."

ಇವರು ಬೇಡ ಅನ್ನಲಿಲ್ಲ. ರೊಟ್ಟಿ ಮುರಿಯುತ್ತ, ನೋಡೋಣ ಅಂದರು.

ನೋಡೋಣ. ಬಿ.ಕಾಂ. ಓದಿದವಳು ನಾನು, ಸನ್ನಿ ಅಂದರೆ ಏನೆಂದು ಫೋನಿನಲ್ಲಿ ಹುಡುಕಿದೆ. ಓದಿದಷ್ಟೂ ಹೆದರಿಕೆ. ಒಂದು ಸಲ ಪಾಪುವನ್ನು ಬಿಟ್ಟು ಹೋದರೆ ವಾಪಸ್ ನನ್ನ ಕೈಗೆ ಕೊಡುವುದಿಲ್ಲ. ಇವರು ನನ್ನ ಕಡೆ ಇರಬೇಕು. ಅಷ್ಟು ಸಾಕು.

೧೪ ಆಗಸ್ಟ್

ಒಂದು ಯೋಚನೆ ಬಂದಿದೆ.

ಮುಂದಿನ ತಿಂಗಳು ಪಿತೃಪಕ್ಷ. ಈ ಮನೆಯ ಗೋಡೆಯಲ್ಲಿ ಹೋದವರೆಲ್ಲರ ಫೋಟೋ ಇದೆ. ಮಾವನದು ಮಾತ್ರ ಇಲ್ಲ. ತೆಂಗಿನ ಮರದಿಂದ ಬಿದ್ದು ಹೋದಾಗ ಇವರು ಇನ್ನೂ ತೊದಲು ಮಾತಿನ ಕೂಸು. ಇದ್ದ ಒಂದು ಫೋಟೋ ಗೆದ್ದಲು ತಿಂದಿತು ಎನ್ನುತ್ತಾರೆ ಅತ್ತೆ. ಹೋದ ವರ್ಷ ಎಡೆ ಇಡುವಾಗ ಇವರು ಹೊಸ ಪಂಚೆ, ಶಲ್ಯವನ್ನು ಖಾಲಿ ಗೋಡೆಯ ಮುಂದೆ ಇಟ್ಟು ಕೈ ಮುಗಿದರು. ಕಣ್ಣು ಒದ್ದೆ. ಅಪ್ಪ ಒಂದು ದಿನವೂ ಗದರಿದವನಲ್ಲವಂತೆ, ಅವ್ವ ಹೇಳಿದ್ದಾಳೆ ಅಂದರು.

ಆ ಮುಖ ಬರೆಸಿ ಕೊಡುತ್ತೇನೆ. ನಮ್ಮ ಮದುವೆಯ ದಿನವೂ ಸೆಪ್ಟೆಂಬರಿನಲ್ಲೇ.

೧೯ ಆಗಸ್ಟ್

ಪಾಪುವಿನ ಇಂಜೆಕ್ಷನ್ ನೆಪದಲ್ಲಿ ತಿಪಟೂರು. ತೋಂಟದಾರ್ಯ ಎಂಬ ಆರ್ಟಿಸ್ಟ್. ಸತ್ತವರನ್ನು ಬರೆಯುವುದೇ ಕಸುಬು. ಒಣಗಲು ಒರಗಿಸಿಟ್ಟ ಮುಖಗಳು ಅಂಗಡಿಯ ತುಂಬ, ಎಲ್ಲ ಪಾಪುವನ್ನೇ ನೋಡುತ್ತಿದ್ದ ಹಾಗಿತ್ತು... ಸೆರಗು ಮುಚ್ಚಿದೆ.

ಫೋಟೋ ಇಲ್ಲದವರನ್ನೂ ಬರೆಯುತ್ತಾರಂತೆ. ರಕ್ತಸಂಬಂಧಿಗಳ ಫೋಟೋ ಕೊಡಬೇಕು. ಒಬ್ಬರ ಹಣೆ, ಒಬ್ಬರ ಮೂಗು ತೆಗೆದು ಪೆನ್ಸಿಲ್ಲಿನಲ್ಲಿ ಮುಖ ಕೂಡಿಸುತ್ತಾರೆ. ಸತ್ತವರನ್ನು ಕಂಡಿದ್ದವರು ತಿದ್ದಬೇಕು. ಅವರು ಹೌದು ಅಂದ ಮೇಲೆ ಬಣ್ಣ. ಇವರದೂ ಮಾವನ ತಮ್ಮ ಚಿಕ್ಕಣ್ಣನವರದೂ ಫೋಟೋ ಕೊಟ್ಟು ಬಂದೆ.

೨೮ ಆಗಸ್ಟ್

ಪೆನ್ಸಿಲ್ ಮುಖ ವಾಟ್ಸಾಪಿನಲ್ಲಿ ಬಂತು. ಸಾಧು ಮುಖ.

ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ವಿಷಯ ಹೇಳಿದೆ, ಇವರಿಗೆ ಗೊತ್ತಾಗಬಾರದು ಅಂತಲೂ ಹೇಳಿದೆ. ಕೈ ನಿಂತಿತು. ಹೋದವರನ್ನು ಯಾಕೆ ಎಬ್ಬಿಸ್ತೀಯ, ಬೇಡ ಅಂದರು. ಫೋನನ್ನು ಕಣ್ಣ ಹತ್ತಿರ ಹಿಡಿದೆ. ನೋಡಿದರು. ಬಿಗಿದಿದ್ದ ಭುಜ ಇಳಿಯಿತು.

"ಹೂಂ. ಇವ್ರೇಯ. ಹಿಂಗೇ ಬರ್ಸು."

ಅಷ್ಟು ಬೇಗ? ಇಷ್ಟು ವರ್ಷದ ಮೇಲೆ, ಒಂದು ಗೆರೆಯೂ ತಿದ್ದದೆ? ಇವರು ತಪ್ಪು ಮುಖಕ್ಕೆ ಕೈ ಮುಗಿದು, ನಾಳೆ ಯಾರಾದರೂ ಇದು ನಿಮ್ಮಪ್ಪನಲ್ಲ ಅಂದರೆ? ಬೈಗುಳ ನನಗೆ. ಅತ್ತೆಗೆ ಅದೇ ಬೇಕಿರಬಹುದು.

೨ ಸೆಪ್ಟೆಂಬರ್

ಕಿಬ್ಬನಹಳ್ಳಿ. ಚಿಕ್ಕಣ್ಣನವರ ಅಂಗಡಿ ಹೆದ್ದಾರಿಯ ಬದಿಯಲ್ಲೇ. ಫೋನ್ ನೋಡಿ ನಕ್ಕರು. ಇದ್ಯಾವ ಭಜನೆ ಮನೆಯವನು ಅಂದರು. ಅಣ್ಣನಿಗೆ ಹುಬ್ಬು ಕೂಡಿತ್ತಂತೆ, ಎಡಗಣ್ಣು ಕಿರಿದಂತೆ, ಮೇಲ್ದುಟಿ ಒಂದು ಪಕ್ಕಕ್ಕೆ ಎತ್ತಿಕೊಂಡಿರುತ್ತಿತ್ತಂತೆ. ಅಲ್ಲಿಂದಲೇ ತೋಂಟದಾರ್ಯರಿಗೆ ವಿಡಿಯೋ ಕಾಲ್. ಅವರು ಅಳಿಸಿ ಬರೆದಂತೆಲ್ಲ ಚಿಕ್ಕಣ್ಣನವರು ಹೌದು, ಅಲ್ಲ, ಇನ್ನೊಂಚೂರು... ಕೊನೆಗೆ ತೊಡೆ ತಟ್ಟಿಕೊಂಡರು.

"ಈಗ ಬಂದ ನೋಡವ್ವ ನಮ್ಮಣ್ಣ. ಅತ್ತಿಗೆ ನೋಡಿದ್ರೆ ಈಗ್ಲೂ ನಿಂತಲ್ಲೇ ಉಚ್ಚೆ ಹುಯ್ಕತದೆ."

ತಮಾಷೆಗೆ ಅಂದದ್ದು. ಬಸ್ಸಿನಲ್ಲಿ ಬರುವಾಗ ಅದೇ ಮಾತು ತಲೆಯೊಳಗೆ ಸುತ್ತುತ್ತಿತ್ತು. ಮನೆ ಹತ್ತಿರ ಬಂದಾಗ ಮೆಸೇಜ್ ಹಾಕಿದೆ — ಬಣ್ಣ ಹಾಕಿ.

೧೭ ಸೆಪ್ಟೆಂಬರ್

ಕೊಟ್ಟೆ.

ಬಟ್ಟೆ ಸರಿಸಿದವರು ಹಾಗೇ ನೆಲಕ್ಕೆ ಕೂತರು. ಸಣ್ಣ ಹುಡುಗನ ಹಾಗೆ ಅತ್ತರು. ಅವ್ವಾ ಬಾ ಎಂದು ಕರೆದರು. ಅತ್ತೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. ಕಂಡರು. ಮೊಣಕೈ ತಾನಾಗಿ ಎದ್ದು ಮುಖಕ್ಕೆ ಅಡ್ಡ ಬಂತು. ಏಟು ಬೀಳುವಾಗ ಎತ್ತುವ ಹಾಗೆ. ಆಮೇಲೆ ಇಳಿಸಿದರು. ಇವರ ಕಣ್ಣು ಚಿತ್ರದ ಮೇಲಿತ್ತು. ನಾನು ನೋಡಿದೆ.

"ಅಪ್ಪ ತಾನೇ ಅವ್ವ?"

"ಹೂಂ ಕಣಪ್ಪ. ನಿಮ್ಮಪ್ಪನೇಯ."

ನಡುಮನೆಯಲ್ಲಿ ಹಾಕಿದರು, ಅತ್ತೆಯ ಮಂಚದ ಎದುರು ಗೋಡೆಗೆ. ಮೊಳೆ ಹೊಡೆಯುತ್ತಲೇ, ಶಿಲ್ಪನ್ನ ತುರುವೇಕೆರೆಗೆ ಕಳಿಸೋ ಮಾತು ಇನ್ನು ಈ ಮನೆಯಲ್ಲಿ ಬೇಡ ಅಂದರು. ಅತ್ತೆ ತಲೆಯಾಡಿಸಿದರು.

೧೮ ಸೆಪ್ಟೆಂಬರ್

ನಿದ್ದೆ ಮಾಡಿದೆ! ಪಾಪು ಅತ್ತದ್ದೂ ಕೇಳಲಿಲ್ಲ.

೨೨ ಸೆಪ್ಟೆಂಬರ್

ನಿನ್ನೆ ಮಹಾಲಯ. ಎಡೆಯನ್ನು ಅತ್ತೆಯ ಕೈಯಲ್ಲೇ ಇಡಿಸಿದರು. ಎಲೆಯ ಮೇಲೆ ವಡೆ ಸರಿಯಾಗಿ ಕೂರಲಿಲ್ಲ, ಅತ್ತೆ ಚಿತ್ರದ ಕಡೆ ತಲೆ ಎತ್ತಲೇ ಇಲ್ಲ. ಅವ್ವನಿಗೆ ಅಪ್ಪನ ನೆನಪು ಅಂದರು ಇವರು.

ಇವತ್ತು ಇವರು ತೋಟಕ್ಕೆ ಹೋದ ಮೇಲೆ ಅತ್ತೆ ಬಚ್ಚಲ ಹತ್ತಿರ ನನ್ನ ಕೈ ಹಿಡಿದರು.

"ಗೆದ್ದಲು ತಿನ್ನಲಿಲ್ಲ ಕಣವ್ವ. ತಿಥಿ ಮುಗಿದ ಮಾರನೇ ದಿನ ನಾನೇ ಒಲೆಗಿಟ್ಟೆ."

ಬೆನ್ನು ತೋರಿಸಿದರು. ಬಾರುಕೋಲಿನ ಗೆರೆಗಳು, ಹಳೆಯವು, ಎಣಿಸುವ ಹಾಗಿರಲಿಲ್ಲ. ಮಗನಿಗೆ ಹೇಳಬಹುದಲ್ಲ ಅಂದೆ.

"ಏನಂತ ಹೇಳ್ಲಿ? ದೇವ್ರಂಥೋನು ನಿಮ್ಮಪ್ಪ ಅಂತ ತುತ್ತುತುತ್ತಿಗೂ ಹೇಳಿ ಬೆಳ್ಸಿವ್ನಿ. ನೀನು ಅಂದ್ರೆ ತೆಗೀತಾನೆ. ಕೂಸು ಬೆಚ್ತದೆ ಅನ್ನು. ನಿಂಗೆ ಸನ್ನಿ ಅಂದಿದ್ದು ತಪ್ಪಾಯ್ತು."

ಹೇಳ್ತೀನಿ ಅತ್ತೆ ಅಂದೆ.

ಹೇಳಲಿಲ್ಲ. ಹೇಗೆ ಹೇಳಲಿ? ಆ ಮೊಳೆಗೇ ನಾನೂ ನೇತುಬಿದ್ದಿದ್ದೇನೆ. ಅದು ಇಳಿದರೆ ನಾನೂ ಇಳಿದೆ.

೨೯ ಸೆಪ್ಟೆಂಬರ್

ಅತ್ತೆ ಸೆಕೆ ಅಂತ ಕೊಟ್ಟಿಗೆಯಲ್ಲಿ ಮಲಗುತ್ತಾರೆ, ಹಸುಗಳ ಪಕ್ಕ. ನಡುಮನೆ ದಾಟಬೇಕಾದರೆ ಗೋಡೆ ಹಿಡಿದು, ತಲೆ ತಗ್ಗಿಸಿ. ಪಾಪುವನ್ನು ಈಗ ಕೇಳದೆ ಮುಟ್ಟುವುದಿಲ್ಲ. "ಎತ್ಕಳ್ಲಾ?" ಎನ್ನುತ್ತಾರೆ. ನಾನು ಹೂಂ ಅನ್ನುವವರೆಗೆ ನಿಂತಿರುತ್ತಾರೆ.

ಅಯ್ಯೋ ಅನ್ನಿಸುತ್ತದೆ. ಹಿತವೂ ಆಗುತ್ತದೆ. ಇವತ್ತು ಬೇಕೆಂದೇ ಸ್ವಲ್ಪ ತಡವಾಗಿ ಹೂಂ ಅಂದೆ.

ಇವರಿಗೆ ಬೇರೆಯೇ ಕೊರಗು. ಅವ್ವ ದುಃಖದಲ್ಲಿ ಅಪ್ಪನ ಮುಖವನ್ನೇ ನೋಡುತ್ತಿಲ್ಲವಂತೆ, ಹತ್ತಿರವಾದರೆ ಸಮಾಧಾನ ಆಗುತ್ತದಂತೆ. ದಿನಾ ಬೆಳಿಗ್ಗೆ ಅವ್ವನೇ ಪೂಜೆ ಮಾಡಲಿ ಅಂದರು. ನನ್ನ ಕಡೆ ತಿರುಗಿ, ಏನಂತೀಯ ಎಂದು ಕೇಳಿದರು. ಮೊದಲೆಲ್ಲ ನನ್ನನ್ನು ಏನನ್ನೂ ಕೇಳುತ್ತಿರಲಿಲ್ಲ.

ಒಳ್ಳೇದು ಅಂದೆ.

೬ ಅಕ್ಟೋಬರ್, ಸೋಮವಾರ

ಇವತ್ತು ಹೇಳಿಬಿಡಬೇಕು. ಅತ್ತೆ ಎರಡು ದಿನದಿಂದ ಮುದ್ದೆ ಮುಟ್ಟಿಲ್ಲ. ಇವರು ಊಟಕ್ಕೆ ಬಂದ ಕೂಡಲೇ ಹೇಳುತ್ತೇನೆ.

ಮೂರು ಗಂಟೆ

ಬಂದರು. ಪಾಪುವನ್ನು ಎತ್ತಿ ಚಿತ್ರದ ಮುಂದೆ ಹಿಡಿದು, ತಾತ ನೋಡು ಅಂದರು. ಪಾಪು ನಕ್ಕಿತು. ಇವರು ನನ್ನನ್ನು ನೋಡಿ ನಕ್ಕರು, ಮದುವೆಯ ಹೊಸತರಲ್ಲಿ ನಗುತ್ತಿದ್ದ ಹಾಗೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬಾಯಿ ತೆರೆದೆ.

"ಮಾವನ ಹಾರ ಒಣಗಿದೆ ಅತ್ತೆ," ಅಂದೆ. "ಸ್ಟೂಲ್ ಹಾಕಿಕೊಂಡು, ಹತ್ತಿರ ಹೋಗಿ ನೀವೇ ಹೊಸದು ಹಾಕಿ."