ಚಂದಗುಳಿಯ ಬಿಡಾರಕ್ಕೆ ಹೊರಟ ಅಬ್ಬಾ

ಸಾಲೇಹಾ,

ಮೊನ್ನೆ ಚಂದಗುಳಿಯಲ್ಲಿ, ಪೆನ್ಶನ್ ಮಾಸ್ತರರ ಬೇಸಿಗೆ ಬಿಡಾರದ ತಾಳಮದ್ದಳೆಯಲ್ಲಿ, ನಿನ್ನ ಅಬ್ಬಾ ಕೃಷ್ಣನಾಗಿ ವಾದಿಸಿದ್ದನ್ನು ಕೇಳಿ ಹುಲಿಯೊಂದು ಬಂದು ಕೂತು ತಲೆದೂಗಿತು. ಇಂದೂ ಅಲ್ಲಿಗೇ ಹೊರಟಿದ್ದಾನೆ.

ಗಂಜಿ ಒಲೆಯ ಮೇಲಿದೆ, ನಿನ್ನ ಸಿಟ್ಟಿನಷ್ಟೇ ಬಿಸಿ. ಕೋಳಿ ಮುಚ್ಚಲು ಮರೆಯಬೇಡ. ನಿನ್ನ ತಮ್ಮ ಗನಿಯ ಚಾಡಿ ನಂಬಬೇಡ.

ಇಷ್ಟು ಬರೆಯುವಾಗಲೇ ಗನಿ ಗಾಡಿ ಹೂಡುತ್ತ, "ಅಬ್ಬಾ, ಅಕ್ಕಂಗೆ ಎಲ್ಲಾ ಹೇಳಿ ಆಯ್ತು" ಎಂದು ಶಿರಸಿಗೆ ಹೊರಟುಹೋದ.

ಇನ್ನು ಸುಳ್ಳು ಹೇಳಿ ಫಲವಿಲ್ಲ; ಹುಲಿ ಬಂದಿರಲಿಲ್ಲ. ವರ್ಷವೂ ಕೌರವನಾಗುತ್ತಿದ್ದ ಅಬ್ಬಾ ಈ ಸಲ ಕೃಷ್ಣನಾಗಿ ಕೂತು ಕೌರವನ ಪರವೇ ವಾದಿಸಿದ. "ಮಾಸ್ತರ್ರೇ, ಹಂಗಾರೆ ಆನು ಎಂತ ಹೇಳ್ಲಿ?" ಎಂದರು ಎದುರು ಕೌರವನಾಗಿ ಕೂತ ಹೆಗಡೆಯವರು, ಬಿಡಾರದ ಮಾಸ್ತರರತ್ತ ತಿರುಗಿ. ಎಲ್ಲರೂ ನಕ್ಕರು. ಯಾಕೆಂದು ಅಬ್ಬಾನಿಗೆ ಆಗ ತಿಳಿಯಲಿಲ್ಲ.

ಈಗ ಚಂದಗುಳಿಯ ದಾರಿಯೂ ನೆನಪಾಗುತ್ತಿಲ್ಲ. ಚೀಲ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಾನೆ. ಬಂದು ಕೈ ಹಿಡಿದುಕೋ.