ವೇದಾ ನಿಮ್ಮ ಹತ್ತಿರ ಹೋದಳು

ದಿಲ್‌ಸುಖ್‌ನಗರ, ಹೈದರಾಬಾದ್
೧೪ ಸೆಪ್ಟೆಂಬರ್ ೨೦೨೪

ಗುರುಬಾಯಿ ಅಕ್ಕಾರಿಗೆ ಶೈಲಶ್ರೀಯ ಶರಣು.

ನನ್ನ ಮಗಳು ವೇದಾನ್ನ ದಸರಾ ರಜೆಗೆ ಕಲಬುರ್ಗಿಗೆ ಕಳಿಸು ಅಂತ ನಿಮ್ಮ ತಮ್ಮನಿಗೆ ಕೇಳಿದ್ದೀರಂತೆ. ಅವರು ಹೂಂ ಅಂದುಬಿಟ್ಟಿದ್ದಾರೆ. ನಾನು ಒಲ್ಲೆ ಅಂದೆ. ಯಾಕೆ ಅಂತ ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು, ಅಕ್ಕಾ.

ವೇದಾಗೆ ಆಟಿಸಂ ಅಂತ ಗೊತ್ತಾದಾಗ ಮಂದಿ ಏನೇನೋ ಅಂದರು. ಟಿವಿ ತೋರಿಸಿ ಹೀಗಾಯಿತು, ತಾಯಿ ಎತ್ತಿ ಆಡಿಸಲಿಲ್ಲ, ದೊಡ್ಡವಳಾದರೆ ಸರಿಹೋಗುತ್ತಾಳೆ ಅಂತ. ಅದರಲ್ಲಿ ಒಂದು ಮಾತನ್ನು ಮಾತ್ರ ನಾನು ಸೆರಗಿಗೆ ಗಂಟು ಹಾಕಿಕೊಂಡೆ. ಇಂಥ ಮಕ್ಕಳಿಗೆ ಯಾರ ಮೇಲೂ ಮಾಯೆ, ಮಮತೆ ಇರೋದಿಲ್ಲವಂತೆ. ಅಪ್ಪಿಕೊಂಡರೆ ಕೊಸರಿ ಓಡುತ್ತಿದ್ದಳಲ್ಲ, ಆ ಮಾತಿನಿಂದ ಸಮಾಧಾನವಾಗುತ್ತಿತ್ತು. ನನ್ನೊಬ್ಬಳನ್ನೇ ಅಲ್ಲ, ಯಾರನ್ನೂ ಹಚ್ಚಿಕೊಳ್ಳೋದಿಲ್ಲ ಅಂತ.

ಶ್ರಾವಣದಲ್ಲಿ ನೀವು ಬಂದಿರಿ. ಮೆಟ್ರೋ ಸ್ಟೇಷನ್ನಿನಲ್ಲಿ ಸ್ಪೀಕರಿನ ಸದ್ದಿಗೆ ವೇದಾ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಚೀರಿದಳು. ನಾನು ಗಟ್ಟಿಯಾಗಿ ಅವುಚಿಕೊಂಡು ವೇದಾ, ವೇದಾ ಅಂತ ಕೂಗಿದೆ. ಕೈ ಕಚ್ಚಿದಳು. ಇದೇಂ ಪೆಂಪಕಂ ಅಮ್ಮಾ ಅಂತ ಯಾರೋ ಒಬ್ಬಾಕೆ ನನ್ನ ಸಾಕಣೆಯನ್ನೇ ಆಡಿಕೊಂಡಳು. ನೀವು, ಬಿಡು ಶೈಲಾ, ಮೊದಲ ಕೈ ಬಿಡು ಅಂದಿರಿ. ಅವಳಿಂದ ಒಂದು ಮಾರು ದೂರ ಆ ನೆಲದ ಮೇಲೇ ಕೂತಿರಿ. ಕರೆಯಲಿಲ್ಲ, ಮುಖ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ತೆವಳಿ ಬಂದು ನಿಮ್ಮ ಮೊಣಕಾಲಿಗೆ ಹಣೆ ಹಚ್ಚಿದಳು.

ಮನೆಗೆ ಬಂದಮೇಲೆ ನಿಮ್ಮ ತಮ್ಮ ನಿಮ್ಮನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ಒಡಲಿಗೆ ಬೆಂಕಿ ಬಿದ್ದಿತ್ತು. ಹಾಗಾದರೆ ಮಾಯೆ ಇದೆ ಇವಳಿಗೆ. ಹಡೆದವಳ ಮೇಲೆ ಮಾತ್ರ ಇಲ್ಲ.

ನೀವು ಹೋದಮೇಲೆ ಥೆರಪಿ ಸೆಂಟರಿನ ಅಮಿತಾ ಮೇಡಂ ಎದುರಿಗೆ ಅತ್ತುಬಿಟ್ಟೆ. ಮಾಯೆ ಇಲ್ಲ ಅಂತ ನಿಮಗ್ಯಾರು ಹೇಳಿದರು ಅಂತ ಬೈದರು. ಇದೇ ಸೆಂಟರಿನಲ್ಲಿ ಒಬ್ಬ ಹುಡುಗ ಕಂಡವರನ್ನೆಲ್ಲ ಅಪ್ಪುತ್ತಾನೆ, ಮಾತು ನಿಲ್ಲಿಸೋದೇ ಇಲ್ಲ, ಅವನದೂ ಆಟಿಸಂ. ಒಬ್ಬರಂತೆ ಇನ್ನೊಬ್ಬರಿರೋದಿಲ್ಲ ಅಂದರು. ವೇದಾಗೆ ಗಟ್ಟಿ ಸದ್ದು, ಗಟ್ಟಿ ಹಿಡಿತ ಎರಡೂ ತಡೆಯೋದಿಲ್ಲವಂತೆ. ನನ್ನ ಹತ್ತಿರ ಇರೋದೇ ಅವೆರಡು!

ಮೊನ್ನೆ ಸೋಮವಾರ ಬಳೆ ತೆಗೆದಿಟ್ಟು, ಬಾಯಿ ಮುಚ್ಚಿಕೊಂಡು ಮೆಂತ್ಯ ಸೊಪ್ಪು ಸೋಸುತ್ತ ಕೂತೆ. ವೇದಾ ಬಂದು ನನ್ನ ಬೆನ್ನಿಗೆ ಬೆನ್ನು ಹಚ್ಚಿ ಕೂತಳು. ತಿರುಗಿ ಎದೆಗವುಚಿಕೊಳ್ಳಬೇಕು ಅಂತ ಜೀವ ಹಾರಿತು. ತಿರುಗಲಿಲ್ಲ. ಕಣ್ಣೀರಿಗೆ ಕಣ್ಣು ಕಾಣದೆ ಕಡ್ಡಿಯನ್ನೆಲ್ಲ ಸೊಪ್ಪಿಗೇ ಹಾಕಿದ್ದೆ.

ಈಗಷ್ಟೇ ಕೈಗೆ ಸಿಕ್ಕಿದ್ದಾಳೆ, ಅಕ್ಕಾ. ಕಳಿಸೋದಿಲ್ಲ. ನೀವೇ ಬರ್ರಿ. ನಿಮ್ಮ ಹೋಳಿಗೆಗೆ ತುಪ್ಪ ಕಡಿಮೆ ಬಿದ್ದರೆ ಯಾಕಂತ ತಿಳಕೊಳ್ರಿ.

ನಿಮ್ಮ
ಶೈಲಶ್ರೀ

ತಾ.ಕ.: ನೀವು ಫೋನ್ ಮಾಡಿದಾಗಲೆಲ್ಲ ವೇದಾ ಮಲಗ್ಯಾಳ ಅಂದೆನಲ್ಲ, ಒಂದು ಸಲವೂ ಮಲಗಿರಲಿಲ್ಲ. ನಿಮ್ಮ ದನಿ ಕೇಳಿ ಪಕ್ಕದಲ್ಲೇ ಬಂದು ನಿಲ್ಲುತ್ತಿದ್ದಳು. ನಾಳೆ ಮಾಡ್ರಿ, ಅವಳ ಕಿವಿಗೇ ಹಿಡಿಯುತ್ತೇನೆ. ಭಾಳ ಹೊತ್ತು ಮಾತ್ರ ಬ್ಯಾಡ.